ಕ್ಷಯರೋಗಿಯ ಮನೆಯವರ ಅನ್ನ

ನಮ್ಮ ಹಿರಿಯರ ಕಾಲದ ಮನೆಗಳಲ್ಲಿ ಕ್ಷಯ ತಗಲಿದವರಿಗೆಂದು ಒಂದು ತಟ್ಟೆ, ಒಂದು ಲೋಟ, ಜಗಲಿಯ ಬದಿಯಲ್ಲೊಂದು ಕೋಣೆ ಬೇರೆಯಾಗಿ ಇರುತ್ತಿದ್ದವು. ರೋಗದ ಹೆಸರನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. 'ಎದೆಯ ಕಾಯಿಲೆ' ಎಂದರೆ ಕೇಳಿದವರಿಗೆ ತಿಳಿಯುತ್ತಿತ್ತು. ಮದುವೆಗೆ ಬಂದ ಹೆಣ್ಣುಮಕ್ಕಳಿದ್ದ ಮನೆಯಲ್ಲಾದರೆ ಆ ಎರಡು ಮಾತೂ ಹೊಸ್ತಿಲು ದಾಟುತ್ತಿರಲಿಲ್ಲ. ಇಂದು ಸರಕಾರಿ ಆಸ್ಪತ್ರೆಗಳಲ್ಲಿ ಕ್ಷಯಕ್ಕೆ ಔಷಧ ಉಚಿತವಾಗಿ ದೊರೆಯುತ್ತದೆ, ರೋಗ ಗುಣವಾಗುತ್ತದೆ. ತಟ್ಟೆಯನ್ನು ಬೇರೆಯಿಡುವ ಪದ್ಧತಿ ಮಾತ್ರ ಇನ್ನೂ ಪೂರ್ತಿಯಾಗಿ ಹೋಗಿಲ್ಲ. ಆದರೆ ಆ ತಟ್ಟೆಗೆ ಏನು ಬೀಳುತ್ತಿತ್ತು, ಅದೇ ಮನೆಯ ಉಳಿದ ತಟ್ಟೆಗಳಿಗೆ ಏನು ಬೀಳುತ್ತಿತ್ತು ಎಂಬ ಪ್ರಶ್ನೆಯನ್ನು ವೈದ್ಯಶಾಸ್ತ್ರವೂ ಬಹುಕಾಲ ಗಂಭೀರವಾಗಿ ಕೇಳಲಿಲ್ಲ. ಅದನ್ನು ಕೇಳಿದ ಒಂದು ಪ್ರಯೋಗದ ಕುರಿತು, ಆ ಪ್ರಯೋಗ ಕೊಟ್ಟ ಉತ್ತರ ನಮ್ಮಿಂದ ಏನನ್ನು ಬಯಸುತ್ತದೆ ಎಂಬುದರ ಕುರಿತು ಈ ವಾರ ಬರೆಯಬೇಕೆನಿಸಿದೆ.

'ಪ್ರಯೋಗ' ಎಂಬ ಮಾತೇ ನಮ್ಮ ಕುಟುಂಬಗಳಲ್ಲಿ ಭಯ ಹುಟ್ಟಿಸುತ್ತದೆ ಎಂಬುದನ್ನು ನಾವು ಬಲ್ಲೆವು. ಆಸ್ಪತ್ರೆಯಲ್ಲಿ ಯಾರಾದರೂ ಸಮ್ಮತಿಪತ್ರ ಮುಂದಿಟ್ಟು ಕ್ಲಿನಿಕಲ್ ಟ್ರಯಲ್ ಎಂದೊಡನೆ, 'ನಾವೇನು ಇಲಿಗಳೇ?' ಎಂಬ ಪ್ರಶ್ನೆ ಏಳುತ್ತದೆ. ಈ ಅಂಜಿಕೆಗೆ ಆಧಾರವಿಲ್ಲವೆಂದು ನಾವು ಹೇಳಲಾರೆವು. 2009ರಲ್ಲಿ ಅಂದಿನ ಆಂಧ್ರಪ್ರದೇಶದ ಖಮ್ಮಂ ಮತ್ತು ಗುಜರಾತಿನ ವಡೋದರಾ ಜಿಲ್ಲೆಗಳಲ್ಲಿ ಗರ್ಭಕೊರಳಿನ ಕ್ಯಾನ್ಸರ್ ತಡೆಯುವ ಲಸಿಕೆಯನ್ನು ಸಾವಿರಾರು ಬಾಲಕಿಯರಿಗೆ ಚುಚ್ಚಲಾಯಿತು. ಆ ಪೈಕಿ ಏಳು ಮಂದಿ ತೀರಿಕೊಂಡರು. ಈ ಸಾವುಗಳಿಗೆ ಲಸಿಕೆ ಕಾರಣವಾಗಿರಲಾರದು ಎಂದು ತನಿಖಾ ಸಮಿತಿ ಹೇಳಿತು. ಆದರೆ ಅನೇಕ ಬಾಲಕಿಯರ ಪರವಾಗಿ ಸಮ್ಮತಿಪತ್ರಕ್ಕೆ ಸಹಿ ಹಾಕಿದ್ದು ತಂದೆತಾಯಿಯರಲ್ಲ, ವಿದ್ಯಾರ್ಥಿನಿಲಯದ ವಾರ್ಡನ್‌ಗಳು ಎಂಬುದು ಬಯಲಾದಾಗ ದೇಶವೇ ತಲೆತಗ್ಗಿಸಬೇಕಾಯಿತು. ಸಂಸತ್ತಿನ ಸ್ಥಾಯೀ ಸಮಿತಿ 2013ರಲ್ಲಿ ಇದನ್ನು ಕಟುವಾಗಿ ಖಂಡಿಸಿತು. ಇಂತಹ ಪ್ರಯೋಗಗಳನ್ನು ಸರಕಾರಿ ದಾಖಲೆಯಲ್ಲಿ ನೋಂದಾಯಿಸುವುದು 2009ರ ಜೂನ್‌ನಿಂದಲೇ ಕಡ್ಡಾಯವಾಗಿತ್ತು. 2019ರಲ್ಲಿ ಹೊಸ ನಿಯಮಾವಳಿಯೂ ಬಂತು. ಪತ್ರದಲ್ಲಿರುವುದನ್ನು ನಮಗೆ ತಿಳಿಯುವ ಭಾಷೆಯಲ್ಲಿ ವಿವರಿಸಬೇಕು. ಅದರ ಪ್ರತಿಯನ್ನು ನಮಗೂ ಕೊಡಬೇಕು. ಯಾವಾಗ ಬೇಕಾದರೂ ಹಿಂದೆ ಸರಿಯಬಹುದು. ಹಿಂದೆ ಸರಿದರೆ ಎಂದಿನ ಚಿಕಿತ್ಸೆ ತಪ್ಪಬಾರದು. ಪ್ರಯೋಗದಿಂದ ಹಾನಿಯಾದರೆ ಚಿಕಿತ್ಸೆ, ಪರಿಹಾರ ಎರಡನ್ನೂ ಕೊಡಬೇಕು. ಇವು ವೈದ್ಯರು ನಮಗೆ ತೋರುವ ದಾಕ್ಷಿಣ್ಯವಲ್ಲ, ನಮ್ಮ ಹಕ್ಕು. 'ಡಾಕ್ಟರು ಹೇಳಿದರು, ಸಹಿ ಹಾಕಿದೆವು' ಎನ್ನುವ ಅಭ್ಯಾಸವನ್ನು ನಾವು ಬಿಡಬೇಕು.

ಹಾಗೆಂದು ಪ್ರಯೋಗವೇ ಬೇಡವೆಂದರೆ ನಾವು ಇಂದು ನುಂಗುವ ಮಾತ್ರೆಗಳಲ್ಲಿ ಎಷ್ಟು ಉಳಿದೀತು? ಕ್ಷಯದ ಕಥೆಯನ್ನೇ ನೋಡೋಣ. ಎರಡನೆಯ ಮಹಾಯುದ್ಧ ಮುಗಿದಾಗ ಸ್ಟ್ರೆಪ್ಟೊಮೈಸಿನ್ ಎಂಬ ಹೊಸ ಔಷಧ ಬ್ರಿಟನ್ನಿಗೆ ಅತ್ಯಲ್ಪ ಪ್ರಮಾಣದಲ್ಲಿ ದೊರೆಯುತ್ತಿತ್ತು. ಎಲ್ಲರಿಗೂ ಕೊಡುವಷ್ಟು ಇಲ್ಲದಿದ್ದುದರಿಂದ, ಯಾರಿಗೆ ಕೊಡಬೇಕೆಂಬುದನ್ನು ವೈದ್ಯರ ಒಲವಿಗೆ ಬಿಡದೆ, ಮುಚ್ಚಿದ ಲಕೋಟೆಗಳ ಮೂಲಕ ನಿರ್ಧರಿಸಿದರು. ಒಟ್ಟು 107 ರೋಗಿಗಳು. ಔಷಧ ಮತ್ತು ವಿಶ್ರಾಂತಿ ಎರಡೂ ದೊರೆತ 55 ಮಂದಿಯಲ್ಲಿ ಆರು ತಿಂಗಳೊಳಗೆ ಸತ್ತವರು 4 ಮಂದಿ. ವಿಶ್ರಾಂತಿ ಮಾತ್ರ ದೊರೆತ 52 ಮಂದಿಯಲ್ಲಿ 14 ಮಂದಿ. 1948ರಲ್ಲಿ ಪ್ರಕಟವಾದ ಈ ಲೆಕ್ಕದ ಮುಂದೆ ಯಾವ ವಾದವೂ ನಿಲ್ಲಲಿಲ್ಲ. ಚೀಟಿಯೆತ್ತಿ ರೋಗಿಗಳನ್ನು ಎರಡು ಪಂಗಡ ಮಾಡುವುದು ಕೆಲವರಿಗೆ ನಿರ್ದಯವೆಂದು ತೋರಬಹುದು. ಆದರೆ ಚೀಟಿಗೆ ಸಿರಿವಂತನ ಗುರುತಿಲ್ಲ, ಬಡವನ ಗುರುತೂ ಇಲ್ಲ. (ಪ್ರೇಷಿತರು ಯೂದನ ಸ್ಥಾನಕ್ಕೆ ಮತ್ತೀಯನನ್ನು ಆಯ್ದದ್ದೂ ಚೀಟಿ ಹಾಕಿಯೇ ಅಲ್ಲವೇ!)

ನಮ್ಮ ದೇಶದಲ್ಲಿ ಇದಕ್ಕಿಂತ ದೊಡ್ಡ ಪ್ರಶ್ನೆ ಬೇರೊಂದಿತ್ತು. ಕ್ಷಯವೆಂದರೆ ಸ್ಯಾನಟೋರಿಯಂ ಎಂದೇ ಅಂದಿನ ನಂಬಿಕೆ. 1921ರಲ್ಲಿ ಸ್ಥಾಪನೆಯಾದ ಮೈಸೂರಿನ ಪಿ.ಕೆ. ಸ್ಯಾನಟೋರಿಯಂ ಅನ್ನು ನಮ್ಮ ಓದುಗರಲ್ಲಿ ಅನೇಕರು ಬಲ್ಲರು. ಒಳ್ಳೆಯ ಗಾಳಿ, ಒಳ್ಳೆಯ ಊಟ, ಪೂರ್ಣ ವಿಶ್ರಾಂತಿ, ತಿಂಗಳುಗಟ್ಟಲೆ ಮನೆಯಿಂದ ದೂರ. ಆದರೆ ಇದ್ದ ಹಾಸಿಗೆಗಳು ಸಾವಿರಗಳ ಲೆಕ್ಕದಲ್ಲಿ, ರೋಗಿಗಳು ಲಕ್ಷಗಳ ಲೆಕ್ಕದಲ್ಲಿ. ದುಡಿಯುವ ತಂದೆ ಒಂದು ವರ್ಷ ದೂರವಾದರೆ ಮನೆಯೇ ಕುಸಿಯುತ್ತಿತ್ತು. ತಾಯಿ ದೂರವಾದರೆ ಮಕ್ಕಳು ನೆಂಟರಿಷ್ಟರ ಪಾಲಾಗುತ್ತಿದ್ದರು.

1956ರಲ್ಲಿ ಮದರಾಸಿನಲ್ಲಿ ಆರಂಭವಾದ ಕ್ಷಯ ಚಿಕಿತ್ಸಾ ಕೇಂದ್ರವು ಈ ನಂಬಿಕೆಯನ್ನೇ ಪರೀಕ್ಷೆಗೆ ಒಡ್ಡಿತು. ನಗರದ ಬಡ ಬಡಾವಣೆಗಳ 193 ರೋಗಿಗಳು. ಚೀಟಿಯ ಮೇರೆಗೆ ಕೆಲವರು ಸ್ಯಾನಟೋರಿಯಂಗೆ, ಕೆಲವರು ತಮ್ಮ ತಮ್ಮ ಮನೆಗಳಿಗೆ. ಇಬ್ಬರಿಗೂ ಅದೇ ಔಷಧಗಳು, ಐಸೋನಿಯಜಿಡ್ ಮತ್ತು ಪಿ.ಎ.ಎಸ್., ಹನ್ನೆರಡು ತಿಂಗಳ ಕಾಲ. ಮನೆಯಲ್ಲಿದ್ದವರು ಇಕ್ಕಟ್ಟಾದ ಕೋಣೆಗಳಲ್ಲಿ ಮಲಗಿದರು, ಅರೆಹೊಟ್ಟೆ ಉಂಡರು, ಸ್ವಲ್ಪ ಚೇತರಿಸಿಕೊಂಡೊಡನೆ ಕೆಲಸಕ್ಕೂ ಹೋದರು. ವರ್ಷ ಕಳೆದಾಗ ಎರಡೂ ಪಂಗಡಗಳ ಫಲ ಹೆಚ್ಚುಕಡಿಮೆ ಒಂದೇ ಆಗಿತ್ತು. ಮನೆಯಲ್ಲಿ ಚಿಕಿತ್ಸೆ ಪಡೆದವರಿಂದ ಮನೆಮಂದಿಗೆ ರೋಗ ಹೆಚ್ಚಾಗಿ ಹರಡಿತೆಂಬ ಭಯವೂ ನಿಜವಾಗಲಿಲ್ಲ. 1959ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಈ ವರದಿ ಬಂದ ಮೇಲೆ ಸ್ಯಾನಟೋರಿಯಂಗಳ ಯುಗ ಲೋಕದೆಲ್ಲೆಡೆ ಮುಗಿಯುತ್ತ ಬಂತು. ಅದೇ ವರ್ಷ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಹುಟ್ಟಿತು. 1962ರ ರಾಷ್ಟ್ರೀಯ ಕಾರ್ಯಕ್ರಮ ಮನೆಯ ಚಿಕಿತ್ಸೆಯನ್ನೇ ಆಧಾರವಾಗಿಸಿಕೊಂಡಿತು. ಒಂದು ಪ್ರಯೋಗ ಲಕ್ಷಾಂತರ ರೋಗಿಗಳನ್ನು ಅವರ ಹೆಂಡತಿ ಮಕ್ಕಳ ಬಳಿ ಉಳಿಸಿತು. ಬದುಕಿನ ದಿನಗಳನ್ನು ಹೆಚ್ಚಿಸುವುದಷ್ಟೇ ಅಲ್ಲ, ಬದುಕನ್ನು ಬಾಳುವಂತೆ ಮಾಡುವುದೂ ವೈದ್ಯಕೀಯ ಪ್ರಯೋಗದ ಕೆಲಸ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನಮಗೆ ತಿಳಿಯದು.

ಆದರೆ ಪ್ರಯೋಗವು ತನ್ನನ್ನು ಕೇಳಿದ ಪ್ರಶ್ನೆಗಷ್ಟೇ ಉತ್ತರ ಕೊಡುತ್ತದೆ. ಸ್ಯಾನಟೋರಿಯಂನಲ್ಲಿದ್ದವರು ಚೆನ್ನಾಗಿ ಉಂಡರು, ಅವರ ತೂಕವೂ ಹೆಚ್ಚು ಏರಿತು. ಆದರೂ ಕಫದಿಂದ ರೋಗಾಣು ಮಾಯವಾಗುವ ವಿಷಯದಲ್ಲಿ ಮನೆಯಲ್ಲಿದ್ದವರು ಹಿಂದೆ ಬೀಳಲಿಲ್ಲ. ಇದರಿಂದ, ಸರಿಯಾದ ಔಷಧವಿದ್ದರೆ ಊಟಕ್ಕೆ ಅಷ್ಟು ಮಹತ್ವ ಬೇಡ ಎಂಬ ತೀರ್ಮಾನಕ್ಕೆ ಲೋಕ ಬಂತು. ಔಷಧ ನುಂಗಿದವನ ರೋಗಾಣುವಿನ ಬಗ್ಗೆ ಆ ಮಾತು ಸರಿಯೇ ಇರಬಹುದು. ಆದರೆ ಆತನ ಪಕ್ಕದಲ್ಲಿ ಮಲಗುವ ಹೆಂಡತಿ, ಆತನ ತೊಡೆಯ ಮೇಲೆ ಕೂರುವ ಮಗು? ಹಸಿದ ಮೈಯಲ್ಲಿ ರೋಗಾಣು ಬೇಗ ಬೇರೂರುತ್ತದೆ ಎಂಬುದನ್ನು ಹಳೆಯ ವೈದ್ಯರೂ ಬಲ್ಲರು, ನಮ್ಮ ಅಜ್ಜಿಯಂದಿರೂ ಬಲ್ಲರು. ಆದರೆ ಬಲ್ಲೆವೆನ್ನುವುದು ಬೇರೆ, ಲೆಕ್ಕಹಾಕಿ ತೋರಿಸುವುದು ಬೇರೆ. ತೋರಿಸದ ಹೊರತು ಸರಕಾರದ ಖಜಾನೆ ತೆರೆಯುವುದಿಲ್ಲ.

ಅದನ್ನು ತೋರಿಸಲು ಹೊರಟವರು ದೂರದವರಲ್ಲ. ಮಂಗಳೂರಿನ ದೇರಳಕಟ್ಟೆಯಲ್ಲಿರುವ ಯೇನಪೊಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಡಾ. ಮಾಧವಿ ಭಾರ್ಗವ. ಮದರಾಸಿನ ಆ ಹಳೆಯ ಕೇಂದ್ರ, ಅಂದರೆ ಇಂದಿನ ರಾಷ್ಟ್ರೀಯ ಕ್ಷಯ ಸಂಶೋಧನಾ ಸಂಸ್ಥೆಯೂ ಇದರಲ್ಲಿ ಸಹಭಾಗಿಯಾಯಿತು. 2019ರ ಆಗಸ್ಟ್‌ನಲ್ಲಿ ಜಾರ್ಖಂಡಿನ ನಾಲ್ಕು ಜಿಲ್ಲೆಗಳಲ್ಲಿ ಕೆಲಸ ಆರಂಭವಾಯಿತು. ಛೋಟಾನಾಗಪುರದ ಆ ಸೀಮೆಯ ಹೆಸರು ನಮ್ಮ ಓದುಗರಿಗೆ ಹೊಸತಲ್ಲ. ಅಲ್ಲಿನ ಆದಿವಾಸಿಗಳ ನಡುವೆ ದುಡಿದ ಬೆಲ್ಜಿಯಂನ ಯೇಸುಸಭೆಯ ಗುರು ಕಾನ್ಸ್ಟಂಟ್ ಲೀವೆನ್ಸ್ 1893ರಲ್ಲಿ, ತಮ್ಮ 37ನೆಯ ವಯಸ್ಸಿನಲ್ಲಿ ತೀರಿಕೊಂಡದ್ದು ಇದೇ ಕ್ಷಯದಿಂದ.

ಪ್ರಯೋಗಕ್ಕೆ ಸೇರಿದವರು 2,800 ರೋಗಿಗಳು ಮತ್ತು ಅವರ ಮನೆಗಳ 10,345 ಮಂದಿ. ಮನೆಯವರಲ್ಲಿ ಸುಮಾರು ಮೂರನೆಯ ಎರಡು ಪಾಲು ಆದಿವಾಸಿಗಳು: ಸಂತಾಲ, ಹೋ, ಮುಂಡಾ, ಒರಾಂವ್. ರೋಗಿಗಳಲ್ಲಿ ಐವರಿಗೆ ನಾಲ್ವರಿಗಿಂತ ಹೆಚ್ಚು ಮಂದಿಯ ತೂಕ ಇರಬೇಕಾದುದಕ್ಕಿಂತ ಕಡಿಮೆ. ಎಲ್ಲ ರೋಗಿಗಳಿಗೂ ಆರು ತಿಂಗಳು ಪ್ರತಿ ತಿಂಗಳು ಹತ್ತು ಕಿಲೋ ಆಹಾರದ ಬುಟ್ಟಿ ದೊರೆಯಿತು. ಚೀಟಿ ಎತ್ತಿದ್ದು ಮನೆಯ ಉಳಿದವರಿಗಾಗಿ. ಅದೂ ಒಬ್ಬೊಬ್ಬರ ಹೆಸರಿನಲ್ಲಲ್ಲ. ಒಂದೇ ಊರಿನಲ್ಲಿ ಒಂದು ಮನೆಗೆ ಅಕ್ಕಿ ಕೊಟ್ಟು ಪಕ್ಕದ ಮನೆಗೆ ಕೊಡದಿದ್ದರೆ ಏನಾದೀತೆಂದು ಹೇಳಬೇಕಾಗಿಲ್ಲ. ಆದ್ದರಿಂದ 28 ಕ್ಷಯ ಘಟಕಗಳನ್ನೇ ಎರಡು ಪಂಗಡ ಮಾಡಿದರು. ಒಂದು ಪಂಗಡದಲ್ಲಿ ಮನೆಯ ಪ್ರತಿಯೊಬ್ಬ ವಯಸ್ಕನಿಗೂ ತಿಂಗಳಿಗೆ ಐದು ಕಿಲೋ ಅಕ್ಕಿ, ಒಂದೂವರೆ ಕಿಲೋ ಬೇಳೆ, ಜೊತೆಗೆ ವಿಟಮಿನ್ ಮಾತ್ರೆ. ಇನ್ನೊಂದು ಪಂಗಡದ ಮನೆಯವರಿಗೆ ಇದಿಲ್ಲ. ನಡುವೆ ಕೋವಿಡ್ ಬಂತು, ಲಾಕ್‌ಡೌನ್ ಬಂತು. 2022ರ ಜುಲೈವರೆಗೂ ಈ ಮನೆಗಳನ್ನು ಗಮನಿಸುತ್ತಲೇ ಇದ್ದರು.

2023ರ ಆಗಸ್ಟ್‌ನಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಫಲ ಪ್ರಕಟವಾಯಿತು. ಆಹಾರ ದೊರೆಯದ 4,724 ಮಂದಿಯಲ್ಲಿ 122 ಮಂದಿಗೆ ಕ್ಷಯ ತಗಲಿತ್ತು. ಆಹಾರ ದೊರೆತ 5,621 ಮಂದಿಯಲ್ಲಿ 96 ಮಂದಿಗೆ. ಕಾಲಾವಧಿಯನ್ನು ಹಿಡಿದು ಲೆಕ್ಕಹಾಕಿದರೆ ರೋಗ ಶೇಕಡಾ 39ರಷ್ಟು ಕಡಿಮೆ. ಕಫದಲ್ಲಿ ರೋಗಾಣು ಕಾಣಿಸುವ, ಇತರರಿಗೆ ಹರಡುವ ಬಗೆಯ ಕ್ಷಯವಂತೂ ಶೇಕಡಾ 48ರಷ್ಟು ಕಡಿಮೆ. ಇದಕ್ಕೆ ತಗಲಿದ ಖರ್ಚು ತಲೆಗೆ ತಿಂಗಳಿಗೆ ಸುಮಾರು ನಾಲ್ಕು ಡಾಲರ್, ಅಂದಿನ ಮುನ್ನೂರು ಚಿಲ್ಲರೆ ರೂಪಾಯಿ. ರೋಗಿಗಳ ಪೈಕಿ ಮೊದಲ ಎರಡು ತಿಂಗಳಲ್ಲಿ ತೂಕ ಏರಿಸಿಕೊಂಡವರಲ್ಲಿ ಸಾವು ಬಹಳ ಕಡಿಮೆಯಾಗಿತ್ತೆಂಬುದೂ ಕಂಡುಬಂತು. ಎಲ್ಲ ರೋಗಿಗಳಿಗೂ ಆಹಾರ ದೊರೆತಿದ್ದುದರಿಂದ ಈ ಎರಡನೆಯ ಮಾತು ಚೀಟಿಯ ಮೂಲಕ ಸಿದ್ಧವಾದದ್ದಲ್ಲ ಎಂಬುದನ್ನೂ ಹೇಳಿಬಿಡಬೇಕು.

ನಮ್ಮನ್ನು ಒಂದು ಸಂಗತಿ ಕಾಡದೆ ಬಿಡಲಿಲ್ಲ. ಹಸಿದ ಮನೆಗಳೆಂದು ತಿಳಿದೂ ಅರ್ಧ ಮನೆಗಳ ಜನರಿಗೆ ಅಕ್ಕಿ ಕೊಡದೆ ಲೆಕ್ಕ ಬರೆದುಕೊಳ್ಳುವುದು ಸರಿಯೇ? ಅಕ್ಕಿ ಸ್ಟ್ರೆಪ್ಟೊಮೈಸಿನ್ ಅಲ್ಲ. ದೇಶದ ಗೋದಾಮುಗಳಲ್ಲಿ ಅದಕ್ಕೆ ಕೊರತೆಯಿರಲಿಲ್ಲ. ಪ್ರಯೋಗ ನಡೆಯದಿದ್ದರೆ ಆ ಮನೆಗಳಿಗೆ ರೋಗಿಯ ಬುಟ್ಟಿಯೂ ಬರುತ್ತಿರಲಿಲ್ಲ ಎಂಬ ಸಮಾಧಾನ ಇದ್ದೇ ಇದೆ. ಆದರೂ ನಮ್ಮ ದೃಷ್ಟಿಯಲ್ಲಿ ದೋಷ ಪ್ರಯೋಗ ಮಾಡಿದವರದಲ್ಲ. ಹಸಿದವನಿಗೆ ಅನ್ನ ಕೊಡಲು ಪುರಾವೆ ಕೇಳಿದ ವ್ಯವಸ್ಥೆಯದು. ಪುರಾವೆ ಬಂದ ಮೇಲೆ ಮಾತ್ರ ಆ 122 ಮಂದಿಯ ಋಣ ನಮ್ಮೆಲ್ಲರ ಮೇಲಿದೆ.

ಆ ಋಣ ತೀರುತ್ತಿದೆಯೇ? 2025ರೊಳಗೆ ಕ್ಷಯವನ್ನು ತೊಲಗಿಸುವುದಾಗಿ 2018ರಲ್ಲಿ ದಿಲ್ಲಿಯಲ್ಲಿ ಸಾರಲಾಗಿತ್ತು. ಆ ಗುರಿ ಕೈಗೂಡಲಿಲ್ಲ. ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ನಾಲ್ಕರಲ್ಲಿ ಒಂದು ಪಾಲು ನಮ್ಮ ದೇಶದವರೇ. ನಿಕ್ಷಯ್ ಪೋಷಣ್ ಯೋಜನೆಯಲ್ಲಿ ರೋಗಿಗೆ ತಿಂಗಳಿಗೆ ಕೊಡುತ್ತಿದ್ದ 500 ರೂಪಾಯಿಯನ್ನು 2024ರ ನವೆಂಬರ್‌ನಿಂದ 1,000 ರೂಪಾಯಿಗೆ ಏರಿಸಲಾಯಿತು. ಒಳ್ಳೆಯದೇ. ಆದರೆ ಪ್ರಯೋಗ ಸಿದ್ಧಪಡಿಸಿದ್ದು ಮನೆಯವರ ಅನ್ನದ ಮಾತು. ಅವರಿಗೆ ಆಹಾರ ಕೊಡುವ ಕೆಲಸವನ್ನು ಸರಕಾರ ಬಹುಮಟ್ಟಿಗೆ ದಾನಿಗಳಿಗೆ ಬಿಟ್ಟಿದೆ. 'ನಿಕ್ಷಯ್ ಮಿತ್ರ'ರೆಂದು ಹೆಸರು ನೋಂದಾಯಿಸಿಕೊಂಡು ರೋಗಿಗಳಿಗೆ ಆಹಾರದ ಬುಟ್ಟಿ ಕೊಡುವ ವ್ಯವಸ್ಥೆ 2022ರಲ್ಲಿ ಆರಂಭವಾಯಿತು. 2024ರಲ್ಲಿ ಅದನ್ನು ಮನೆಯವರಿಗೂ ವಿಸ್ತರಿಸಲಾಯಿತು. ಇದು ಪಡಿತರದಂತೆ ಹಕ್ಕಾಗಬೇಕಿತ್ತೇ ಹೊರತು ದಾನವಾಗಬಾರದಿತ್ತು ಎಂಬುದು ನಮ್ಮ ಸ್ಪಷ್ಟ ಅಭಿಪ್ರಾಯ. ಹಕ್ಕಾಗುವವರೆಗೆ ಕೈಕಟ್ಟಿ ಕೂರಬಹುದೇ ಎಂದು ಯಾರಾದರೂ ಕೇಳಿದರೆ, ಕೂರಬಾರದು ಎಂಬುದೂ ಅಷ್ಟೇ ಸ್ಪಷ್ಟ.

ನಮ್ಮ ಧರ್ಮಕೇಂದ್ರಗಳಲ್ಲಿ ಸಂಘಗಳಿಗೆ ಬರವಿಲ್ಲ. ಹಬ್ಬದ ಊಟಕ್ಕೆ, ಬೆಳ್ಳಿಹಬ್ಬದ ಚಪ್ಪರಕ್ಕೆ ನಾವು ಕೂಡಿಸುವ ಹಣವನ್ನು ಬಲ್ಲವರೇ ಬಲ್ಲರು. ತೆನೆಹಬ್ಬದ ದಿನ ಹೊಸ ಅಕ್ಕಿಯನ್ನು ಮನೆಮಂದಿಯೆಲ್ಲ ಹಂಚಿಕೊಂಡು ಉಣ್ಣುವ ನಾವು, ಅಂದಿನಿಂದಲೇ ಇದನ್ನು ಆರಂಭಿಸಬಹುದು. ತಾಲೂಕಿನ ಕ್ಷಯ ಘಟಕವನ್ನು ಕೇಳಿದರೆ ನೋಂದಣಿಯ ಕ್ರಮವನ್ನು ತಿಳಿಸುತ್ತಾರೆ. ರೋಗಿಯ ಒಪ್ಪಿಗೆ ಪಡೆದ ಮೇಲೆಯೇ ಸಹಾಯ ಸಲ್ಲುತ್ತದೆ. ಯಾವ ಮತದ ಮನೆಯೆಂದು ಕೇಳುವ ಅಗತ್ಯವಿಲ್ಲ. ಕುಚ್ಚಲಕ್ಕಿಯೇ ಆಗಬಹುದು, ಬೇಳೆಯ ಬದಲು ಹುರುಳಿಯೋ ಹೆಸರೋ ಆಗಬಹುದು, ನಾಲ್ಕು ಮೊಟ್ಟೆ ಹೆಚ್ಚಾದರೆ ಯಾರೂ ಬೇಡವೆನ್ನರು. ವಾಳೆಯ ಗುರಿಕಾರರಲ್ಲಿ ಒಂದೇ ಬಿನ್ನಹ: ಅಕ್ಕಿಯ ಚೀಲ ಕೊಡುವ ಫೋಟೊ ತೆಗೆಸಿ ಈ ಅಂಕಣಕ್ಕೆ ಕಳುಹಿಸಬೇಡಿ, ನಾವು ಅದನ್ನು ಅಚ್ಚುಹಾಕುವುದಿಲ್ಲ. ಆ ಮನೆಯಲ್ಲಿ ಮದುವೆಗೆ ಬಂದ ಮಗಳು ಈಗಲೂ ಇರಬಹುದು. ಚೀಲದ ಮೇಲೆ ಹೆಸರಿಲ್ಲದೆ, ಆರೋಗ್ಯ ಕಾರ್ಯಕರ್ತೆಯ ಕೈಯಲ್ಲಿ, ತಿಂಗಳಿಗೊಮ್ಮೆ, ಆರು ತಿಂಗಳು ತಪ್ಪದೆ ಅದು ತಲುಪಿದರೆ ಸಾಕು.