ಉಳಿದವರ ಪಾಡು

ದೀರ್ಘಕಾಲದ ಕಾಯಿಲೆಯಿಂದ ನರಳಿದವರು ಕಣ್ಮುಚ್ಚಿದಾಗ ನಮ್ಮ ಜನರ ಬಾಯಿಂದ ಹೊರಡುವ ಮಾತು ಸಾಮಾನ್ಯವಾಗಿ ಒಂದೇ: ‘ಪಾಪ, ಬಿಡುಗಡೆಯಾಯಿತು.’ ಸತ್ತವರ ಮಟ್ಟಿಗೆ ಈ ಮಾತು ನಿಜವಿರಬಹುದು. ಆದರೆ ವರ್ಷಗಟ್ಟಲೆ ಹಾಸಿಗೆಯ ಬಳಿ ಕುಳಿತು ಶುಶ್ರೂಷೆಗೈದ ಹೆಂಡತಿಗೋ ಗಂಡನಿಗೋ ಅದು ಬಿಡುಗಡೆಯ ದಿನವಲ್ಲ; ಹೊಸದೊಂದು ಕಷ್ಟದ ಮೊದಲ ದಿನ. ಈ ವ್ಯತ್ಯಾಸವನ್ನು ನಮ್ಮ ಸಮಾಜ ಇನ್ನೂ ಸರಿಯಾಗಿ ಅರಿತಂತಿಲ್ಲ.

ಹಠಾತ್ತಾಗಿ ಬಂದ ಸಾವಿಗೆ ನೆರೆಹೊರೆಯೆಲ್ಲ ಓಡಿ ಬರುತ್ತದೆ. ನಿಧಾನವಾಗಿ ಬಂದ ಸಾವಿಗಾದರೋ, ‘ಮೊದಲೇ ಗೊತ್ತಿದ್ದ ಸಂಗತಿಯಲ್ಲವೇ’ ಎಂದು ಜನ ಬೇಗನೆ ಸರಿದುಹೋಗುತ್ತಾರೆ. ಗೊತ್ತಿದ್ದ ಮಾತ್ರಕ್ಕೆ ದುಃಖ ಹಗುರಾಗುವುದಿಲ್ಲ. ನಡುರಾತ್ರಿ ಔಷಧಿ ಕೊಡುವ ಅಭ್ಯಾಸದಿಂದ ತೆರೆಯುವ ಕಣ್ಣಿಗೆ ಪಕ್ಕದ ಹಾಸಿಗೆ ಬರಿದಾಗಿರುವುದು ಪ್ರತಿರಾತ್ರಿಯೂ ಹೊಸ ಸುದ್ದಿಯೇ. ಒಡವೆ ಅಡವಿನಲ್ಲಿರುತ್ತದೆ, ಸಾಲ ತಲೆಯ ಮೇಲಿರುತ್ತದೆ, ಶರೀರ ಸೋತಿರುತ್ತದೆ. ‘ಇನ್ನು ನರಳಾಟವಿಲ್ಲವಲ್ಲ’ ಎಂದು ಮನಸ್ಸು ಒಂದು ಕ್ಷಣ ನಿಟ್ಟುಸಿರುಬಿಟ್ಟರೆ ಅದನ್ನೇ ಪಾಪವೆಂದು ಬಗೆದು ಒಳಗೊಳಗೇ ಕೊರಗುವವರೂ ಉಂಟು. ಅದು ಪಾಪವಲ್ಲ. ಪ್ರೀತಿಯೂ ದಣಿವೂ ಒಂದೇ ಎದೆಯಲ್ಲಿ ಇರಬಲ್ಲವು.

ಊರು ಬಿಟ್ಟು ಬಂದ ಹೊಟೇಲು ಕೆಲಸಗಾರನ ಪಾಡು ಇನ್ನೂ ಕಠಿಣ. ಕುಂದಾಪುರದ ಕಡೆಯ ಹಳ್ಳಿಯಲ್ಲಿ ಹೆಂಡತಿ ಹಾಸಿಗೆ ಹಿಡಿದಿದ್ದರೆ ಈತ ಇಲ್ಲಿ ದುಡಿದು ಹಣ ಕಳುಹಿಸಬೇಕು. ಹತ್ತಿರ ಕುಳಿತು ಸೇವೆ ಮಾಡುವ ಭಾಗ್ಯವೂ ಇಲ್ಲ. ಉತ್ತರಕ್ರಿಯೆ ಮುಗಿಸಿ ಮರಳಿದ ಮರುದಿನವೇ ಗಿರಾಕಿಗಳ ಮುಂದೆ ನಗುಮುಖದಿಂದ ನಿಲ್ಲಬೇಕು.

ಮುಂಬಯಿಯ ಪರೇಲಿನಲ್ಲಿರುವ ಟಾಟಾ ಸ್ಮಾರಕ ಆಸ್ಪತ್ರೆಯನ್ನು ನಮ್ಮವರಲ್ಲಿ ಅನೇಕರು ಬಲ್ಲರು. ಅದರ ಹಿಂದೆಯೂ ಇಂಥದೇ ಒಂದು ಅಗಲಿಕೆಯಿದೆ. ಬೆಂಗಳೂರು, ಮೈಸೂರುಗಳಲ್ಲಿ ಬೆಳೆದ ಮೆಹೆರ್‌ಬಾಯಿ ಟಾಟಾ ಅವರು 1931ರಲ್ಲಿ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡರು. ಪತಿ ಸರ್ ದೊರಾಬ್ಜಿ ಟಾಟಾ 1932ರಲ್ಲಿ ಆ ರೋಗದ ಸಂಶೋಧನೆಗಾಗಿ ಪತ್ನಿಯ ಹೆಸರಿನಲ್ಲಿ ನಿಧಿಯೊಂದನ್ನು ಸ್ಥಾಪಿಸಿ, ಅದೇ ವರ್ಷ ತಾವೂ ತೀರಿದರು. ಅವರ ಧರ್ಮದತ್ತಿಯ ಹಣದಿಂದ 1941ರಲ್ಲಿ ಪರೇಲಿನ ಆಸ್ಪತ್ರೆ ತೆರೆಯಿತು. ಸಿರಿವಂತಿಕೆ ಸಂಗಾತಿಯನ್ನು ಉಳಿಸಲಿಲ್ಲ; ಆದರೆ ಒಬ್ಬನ ದುಃಖ ಲಕ್ಷಾಂತರ ಮಂದಿಗೆ ಆಸರೆಯಾಯಿತು.

ಆಸ್ಪತ್ರೆ ಕಟ್ಟಿಸುವುದು ನಮ್ಮ ಓದುಗರಿಂದ ಆಗದ ಮಾತು. ಉಳಿಯುವವರಿಗಾಗಿ ಒಂದು ಕಾಗದವನ್ನು ಸರಿಪಡಿಸುವುದು ಆಗುವ ಮಾತು. ಮದುವೆಗೆ ಮುನ್ನ ಪ್ರಾವಿಡೆಂಟ್ ಫಂಡಿಗೆ ಮಾಡಿದ ನಾಮನಿರ್ದೇಶನ ಮದುವೆಯಾದ ಮೇಲೆ ನಿಲ್ಲುವುದಿಲ್ಲ, ಹೊಸದಾಗಿ ಬರೆದುಕೊಡಬೇಕು. 1995ರ ಪಿಂಚಣಿ ಯೋಜನೆಯಲ್ಲಿ ಸದಸ್ಯನ ವಿಧವೆಗೂ, ಸದಸ್ಯೆಯ ವಿಧುರನಿಗೂ ಮಾಸಾಶನದ ಹಕ್ಕಿದೆ. 2014ರಲ್ಲಿ ಅದರ ಕನಿಷ್ಠ ಮೊತ್ತವನ್ನು ತಿಂಗಳಿಗೆ 1,000 ರೂಪಾಯಿಯೆಂದು ನಿಗದಿಪಡಿಸಲಾಯಿತು. ಮೊತ್ತ ಅತ್ಯಲ್ಪವೆಂಬುದರಲ್ಲಿ ಸಂದೇಹವಿಲ್ಲ. ಆದರೂ ಹಕ್ಕನ್ನು ಬಿಟ್ಟುಕೊಡಬಾರದು. ಇ.ಎಸ್.ಐ. ವಿಮೆಯುಳ್ಳವನಿಗೆ ಕ್ಯಾನ್ಸರು, ಕ್ಷಯದಂಥ ದೀರ್ಘರೋಗ ತಗುಲಿದರೆ, ನಿಬಂಧನೆಗಳಿಗೊಳಪಟ್ಟು, ಎರಡು ವರ್ಷಗಳವರೆಗೆ ಸಂಬಳದ ಶೇಕಡಾ 80ರಷ್ಟು ದೊರೆಯುವ ಏರ್ಪಾಡಿದೆ. ಕಾಯಿಲೆಯ ಮನೆಯಲ್ಲಿ ಇಂಥ ಕಾಗದಗಳ ಮಾತೆತ್ತುವುದು ಅಪಶಕುನವೆಂದು ಹಿಂಜರಿಯುವವರಿದ್ದಾರೆ. ಸಾವಿನ ಮರುದಿನ ಕಚೇರಿಯಿಂದ ಕಚೇರಿಗೆ ಅಲೆಯುವುದು ಅದಕ್ಕಿಂತ ಘೋರ.

ಆದರೆ ಈ ಹಕ್ಕುಗಳೆಲ್ಲ ಹೆಸರು ದಾಖಲಾದವರಿಗೆ ಮಾತ್ರ. ಕೆಲಸಗಾರರ ಹೆಸರನ್ನು ಪುಸ್ತಕದಲ್ಲಿ ಬರೆಯದೆ ಬಿಡುವ ಹೊಟೇಲು ಮಾಲೀಕರು ತಾವು ಉಳಿಸುವ ಹಣ ನಾಳೆ ಯಾವ ವಿಧವೆಯ ಅನ್ನವೆಂಬುದನ್ನು ಯೋಚಿಸಬೇಕು. ಪತ್ನಿಯ ಕೊನೆಯ ದಿನಗಳಿಗೆಂದು ರಜೆ ಕೇಳಿದವನಿಗೆ ‘ಬದಲಿ ಆಳಿಲ್ಲ’ ಎನ್ನುವುದು ವ್ಯಾಪಾರವಾದೀತು, ಮಾನವೀಯತೆಯಾಗದು. ನಮ್ಮ ಕನ್ನಡ ಸಂಘಗಳೂ ಸಂತಾಪಸೂಚನೆಯಿಂದ ತೃಪ್ತರಾಗದೆ, ಅರ್ಜಿ ತುಂಬಿಸಲು ಬಲ್ಲ ಒಬ್ಬ ಗುಮಾಸ್ತರನ್ನು ಅಂಥ ಮನೆಗೆ ಕಳುಹಿಸಬಹುದು. ಈ ಪತ್ರಿಕೆಯನ್ನೋದುವ ಗುಮಾಸ್ತ ಬಂಧುಗಳಿಗೆ ಇದೊಂದು ಭಾನುವಾರದ ಕೆಲಸ.

ಉಳಿದವರಿಗೆ ಸಮಾಧಾನದ ಮಾತು ಹೇಳಲು ಬಾರದಿದ್ದರೂ ಚಿಂತೆಯಿಲ್ಲ. ಹದಿಮೂರನೆಯ ದಿನದ ನಂತರವೂ ಆ ಬಾಗಿಲನ್ನು ತಟ್ಟಿ, ‘ಊಟವಾಯಿತೇ?’ ಎಂದು ಕೇಳುವವರಿದ್ದರೆ ಸಾಕು. ಅಗಲಿದವರಿಗಾಗಿ ನಾವು ಮಾಡಬಹುದಾದುದು ಇನ್ನೇನೂ ಉಳಿದಿಲ್ಲ. ಉಳಿದವರಿಗಾಗಿ ಮಾಡಬೇಕಾದುದು ಬಹಳವಿದೆ.