ಎತ್ತರದವರಿಗೆ ಯಾವ ಕಾರು?

ಹೊಸೂರಿನಲ್ಲಿ ಮನೆ, ಕೃಷ್ಣಗಿರಿಯಲ್ಲಿ ಅಂಗಡಿ ಎಂದರೆ ದಿನವೂ ಹೋಗಿಬರಲು ಸುಮಾರು 100 ಕಿಲೋಮೀಟರ್. ಆರಡಿ ಮೀರಿದ ಮಗ ಮಂಡಿ ಮಡಚಿಕೊಂಡು ಓಡಿಸಿದರೆ ಬೆನ್ನುನೋವು ಹಾಗಿರಲಿ, ಲಾರಿ ಅಡ್ಡ ಬಂದಾಗ ಕಾಲು ಬ್ರೇಕಿಗೆ ಸಲೀಸಾಗಿ ಹೋಗಬೇಡವೇ?

1998ರಲ್ಲಿ ಸ್ಯಾಂಟ್ರೊ, ಅದರ ಬೆನ್ನಿಗೇ ವ್ಯಾಗನ್ ಆರ್ ಬಂದಾಗ ಪೆಟ್ಟಿಗೆಯಂಥ ಆಕಾರ ಕಂಡು ನಕ್ಕವರುಂಟು. ಪೇಟ ತೆಗೆಯದೆ ಕೂರಬಹುದೆಂದು ಮೆಚ್ಚಿದವರೂ ಉಂಟು! ಸ್ಯಾಂಟ್ರೊ ನಿಂತಿದೆ, ಈಗಿನ ವ್ಯಾಗನ್ ಆರ್ 1675 ಮಿಲಿಮೀಟರ್ ಎತ್ತರವಿದೆ. ಆದರೆ ಸೂರು ನೋಡಿ ಮರುಳಾಗಬೇಡಿ ಎಂದೇ ನಾವು ಹೇಳುತ್ತೇವೆ. ತಲೆಗೆ ಜಾಗವಿದ್ದೂ ಮಂಡಿಗೆ ಇಲ್ಲದಿರಬಹುದು. ಸೀಟು ಎಷ್ಟು ಹಿಂದೆ ಸರಿಯುತ್ತದೆ, ಕ್ಲಚ್ ತುಳಿದಾಗ ತೊಡೆ ಸ್ಟೀರಿಂಗಿಗೆ ತಾಗುತ್ತದೆಯೇ ನೋಡಿ. ಸೀಟು ಹಾಗೆ ಸರಿಸಿದ ಮೇಲೆ ತಾಯಿಯವರು ಅದರ ಹಿಂದೆ ಕುಳಿತು ನೋಡಲಿ. ಸ್ಟೀರಿಂಗ್, ಸೀಟು ಏರಿಳಿಸುವ ಅನುಕೂಲ ಅಗ್ಗದ ಮಾದರಿಗಳಲ್ಲಿ ಇಲ್ಲದಿರಬಹುದು. ಅಲಂಕಾರದ ಹಣವನ್ನು ಇದಕ್ಕೆ ಕೊಡಿ.

ನಿತ್ಯ ಓಡುವ ಗಾಡಿಗೆ ಬಿಡಿಭಾಗ, ಮೆಕ್ಯಾನಿಕ್ ಊರಲ್ಲೇ ಸಿಗಬೇಕು. ರಿಪೇರಿಗೆಂದು ಬೆಂಗಳೂರಿಗೆ ಕಳುಹಿಸಿದರೆ ಅಷ್ಟು ದಿನದ ವ್ಯಾಪಾರ ಹೋದಂತೆ.

ಇನ್ನು, ಅಪ್ಪ ಒಬ್ಬರೇ ಹೋಗಿ ಮುಂಗಡ ಕೊಟ್ಟು ಬರುವ ಪದ್ಧತಿ ನಮ್ಮಲ್ಲಿದೆ. ಕಾರಿನ ವಿಷಯದಲ್ಲಿ ಬೇಡ. ಓಡಿಸುವವನೇ ಶೂಲಗಿರಿಯವರೆಗೆ ಓಡಿಸಿ ಬರಲಿ. ಷೋರೂಮಿನ ಸುತ್ತ ಒಂದು ಸುತ್ತು ಸಾಲದು.