ವಾಸನೆಗೆ ಐದು ಸಾವಿರ

ಮನೆ ಖಾಲಿ ಮಾಡಿದ ದಿನ ಓನರ್ ಒಂದು ಚೀಟಿ ಕೈಗಿಟ್ಟ. ಪೇಂಟಿಂಗ್ 12,000. ಗೀಸರ್ 3,500. ಗೋಡೆಗೆ ಮೊಳೆ ಹೊಡೆದದ್ದಕ್ಕೆ 500. ಅಡುಗೆಮನೆ ವಾಸನೆ ಹೋಗಿಸೋಕೆ 5,000.

ವಾಸನೆ!

ಮೂರು ವರ್ಷದ ಹಿಂದೆ ಇವನೂ ಕೇಳಿದ್ದ, "ನೀವು ಯಾವ ಜನ?" ಸುಳ್ಳಾಡಲಿಲ್ಲ ನಾನು. ಅದೇ ಉತ್ತರಕ್ಕೆ ಆರು ಮನೆಯವರು ಬಾಗಿಲು ಹಾಕಿದ್ದರು. ಇವನು ಕೀಲಿಕೈ ಕೊಟ್ಟ. ನಾನು ಹುಚ್ಚನಂತೆ ಕೈಮುಗಿದೆ. ಮುಗಿದ ಆ ಕೈಗಳ ಮೇಲೆ ನನಗೀಗ ಸಿಟ್ಟು.

ಬೆಂಗಳೂರಿನ ಪದ್ಧತಿಯಂತೆ ಹತ್ತು ತಿಂಗಳ ಅಡ್ವಾನ್ಸ್, 1,20,000. ಅದರಲ್ಲಿ 40,000 ಅವ್ವ ಓಲೆ, ಗುಂಡಿನ ಸರ ಗಿರವಿ ಇಟ್ಟು ತಂದದ್ದು. ನೂರಕ್ಕೆ ಮೂರು ರೂಪಾಯಿ ಬಡ್ಡಿ. ತಿಂಗಳಿಗೆ 1,200, ಮೂರು ವರ್ಷಕ್ಕೆ 43,200. ಬಡ್ಡಿ ಅಸಲನ್ನೇ ನುಂಗಿತು. ಅಷ್ಟೂ ದಿನ ನಮ್ಮ ದುಡ್ಡು ಓನರ್ ಬಳಿ ಬಿದ್ದಿತ್ತು. ಅದಕ್ಕೆ ಒಂದು ಪೈಸೆ ಬಡ್ಡಿಯಿಲ್ಲ.

ಬಾಡಿಗೆ ಬಾಕಿಯಿದ್ದರೆ ಮುರಿದುಕೊಳ್ಳಲಿ. ಕರೆಂಟ್ ಬಿಲ್ಲು, ಒಡೆದ ಗಾಜು, ಮುರಿದ ಬಾಗಿಲು, ಎಲ್ಲಕ್ಕೂ ಮುರಿದುಕೊಳ್ಳಲಿ. ಆದರೆ ಮನುಷ್ಯರು ಬಾಳಿದ ಮನೆಯ ಸುಣ್ಣ ಮಾಸುತ್ತದೆ ಕಣ್ರಯ್ಯಾ! ಬೋರಿನ ಗಡಸು ನೀರಿಗೆ ಗೀಸರ್ ಕಾಯಿಲ್ ಹೋಗುತ್ತದೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಮೇ ಸಹಜ ಸವಕಳಿಗೆ ಬಾಡಿಗೆದಾರನನ್ನು ಹೊಣೆ ಮಾಡುವುದಿಲ್ಲ, ಬೇರೆ ಕರಾರು ಇಲ್ಲದಿದ್ದರೆ. ಆ ಸಂದಿಯಲ್ಲೇ ಇವರು ನುಗ್ಗುವುದು. ಹನ್ನೊಂದು ತಿಂಗಳ ಅಗ್ರಿಮೆಂಟಿನಲ್ಲಿ ಪೇಂಟಿಂಗಿಗೆ ಒಂದು ತಿಂಗಳ ಬಾಡಿಗೆ ಅಂತ ಮೊದಲೇ ಟೈಪಾಗಿರುತ್ತದೆ. ತಲೆ ಮೇಲೆ ಸೂರಿಲ್ಲದವನು ಯಾವ ಸಾಲನ್ನು ಹೊಡೆದುಹಾಕಿಸಿಯಾನು? ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಠೇವಣಿ ಬೇಡ ಅನ್ನುತ್ತದೆ, ಸುಣ್ಣಬಣ್ಣವನ್ನು ಮಾಲೀಕನ ಪಾಲಿಗೇ ಬರೆಯುತ್ತದೆ. ರಾಜ್ಯ ತನ್ನದೇ ಕಾನೂನು ಮಾಡದೆ ಆ ಮಾದರಿ ಯಾರ ಹೊಟ್ಟೆ ತುಂಬಿಸೀತು?

ವಾಸನೆಗೆ ಮಾತ್ರ ಯಾವ ಕಲಮೂ ಇಲ್ಲ, ಅಗ್ರಿಮೆಂಟಿನಲ್ಲೂ ಇರಲಿಲ್ಲ. "ಯಾವ ವಾಸನೆ ಹೇಳಿ ಸಾರ್" ಅಂದೆ. "ನಿಮಗೇ ಗೊತ್ತಲ್ಲ" ಅಂದ. ಭಾನುವಾರ ಅವ್ವ ಬೇಯಿಸುತ್ತಿದ್ದ ಬಾಡು. ಅವಳ ಕೈರುಚಿಗೆ ಈ ಊರು ಹಾಕಿದ ದಂಡ.

99,000 ಎಣಿಸಿಕೊಂಡು ಬಂದೆ. ಓಲೆ ಬಿಡಿಸಿದೆ, ಸರ ಸೇಟು ಅಂಗಡಿಯಲ್ಲೇ ಇದೆ.

ಹತ್ತು ದಿನ ಬಿಟ್ಟು, ಹಳೇ ವಿಳಾಸಕ್ಕೆ ಬಂದಿದ್ದ ಕಾಗದ ತರಲು ಹೋದೆ. ಹೊಸ ಸಂಸಾರ ಬಂದಾಗಿತ್ತು. ತೆರೆದ ಬಾಗಿಲಲ್ಲಿ ಗೋಡೆ ಕಂಡಿತು. ಅದೇ ಮಾಸಿದ ಬಣ್ಣ. ನಾನು ಬಾಬಾಸಾಹೇಬರ ಫೋಟೊ ಹಾಕಲು ಹೊಡೆದಿದ್ದ ಮೊಳೆಗೆ ಅವರ ಕ್ಯಾಲೆಂಡರ್ ನೇತಾಡುತ್ತಿತ್ತು.